ಇದರಲ್ಲಿ ಯುದ್ಧ ಎಲ್ಲಿದೆ?

ಪ್ರಶ್ನೆ: ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಸಿನಿಮಾ ಓದುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಈ ದೇಶವನ್ನು ಐದು ವರ್ಷ ಆಳಿದಾಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಕ್ಕಳಾಗಿದ್ದ ಮೂವರನ್ನು ಮಾತಾಡಿಸಿ ಹನ್ನೊಂದು ಗಂಟೆ ಚಿತ್ರೀಕರಿಸಿದ್ದೇನೆ. ಮೂವರಿಗೂ ತೊಂಬತ್ತರ ಹತ್ತಿರ. ಅವರು ಹೇಳುವುದೆಲ್ಲ ಆಲೂಗಡ್ಡೆ, ಸೌದೆ, ಸೈಕಲ್ ಟೈರು, ಇಷ್ಟೇ. ರಷಸ್ (ಇನ್ನೂ ಕತ್ತರಿಸಿ ಜೋಡಿಸದ ಚಿತ್ರಣ) ನೋಡಿದ ನನ್ನ ಗೈಡ್ ‘ಇದರಲ್ಲಿ ಯುದ್ಧ ಎಲ್ಲಿದೆ?’ ಎಂದರು. ಹಳೆಯ ಫುಟೇಜ್ ಸೇರಿಸಲೇ? ನಟರನ್ನಿಟ್ಟು ಕೆಲವು ದೃಶ್ಯಗಳನ್ನು ಮತ್ತೆ ಮಾಡಲೇ? ಇನ್ನೂ ಎರಡು ತೊಡಕುಗಳಿವೆ. ಒಬ್ಬ ಅಜ್ಜಿ ವಿಮಾನದಿಂದ ಬಿಳಿ ಬ್ರೆಡ್ ಬಿದ್ದದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾರೆ. ಹಾಗೆ ಆಗಲೇ ಇಲ್ಲ ಎಂದು ಓದಿದೆ. ಒಬ್ಬ ಅಜ್ಜ, ತಮ್ಮ ತಂದೆ ನಗರಾಡಳಿತದ ಜನಸಂಖ್ಯಾ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಜರ್ಮನ್ನರಿಗೆ ಪಟ್ಟಿಗಳನ್ನು ಮಾಡಿಕೊಟ್ಟರು ಎಂದು ಕ್ಯಾಮೆರಾ ಮುಂದೆ ಹೇಳಿದರು. ಮರುದಿನ ಫೋನ್ ಮಾಡಿ ‘ಅದನ್ನು ಹಾಕಬೇಡಿ’ ಎಂದರು. ಏನು ಮಾಡಲಿ?

ಉತ್ತರ: ನಿಮ್ಮ ಗೈಡ್ ಕೇಳಿದ ಪ್ರಶ್ನೆಯನ್ನು ನಾನೂ ಬೇಕಾದಷ್ಟು ಸಲ ಕೇಳಿಸಿಕೊಂಡಿದ್ದೇನೆ, ಹಣ ಹಾಕುವವರಿಂದ, ಚಾನೆಲ್‌ನವರಿಂದ. ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ, ಉಳಿದದ್ದು ಅದರ ಬೆನ್ನಿಗೇ ಬರುತ್ತದೆ.

ಜರ್ಮನ್ನರು ನುಗ್ಗಿದಾಗ ನೆದರ್‌ಲ್ಯಾಂಡ್ಸ್‌ನಲ್ಲಿ ಕಾದಾಟ ನಡೆದದ್ದು 1940ರ ಮೇ 10ರಿಂದ ಹೆಚ್ಚುಕಡಿಮೆ ಐದು ದಿನ. 14ರಂದು ರಾಟರ್‌ಡ್ಯಾಮ್ ಮೇಲೆ ಬಾಂಬ್ ಬಿತ್ತು, 15ರಂದು ಶರಣಾಗತಿಗೆ ಸಹಿ ಬಿತ್ತು. ಅಲ್ಲಿಂದ 1945ರ ಮೇ 5ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ವರ್ಷ ಪರಸೇನೆಯ ಆಳ್ವಿಕೆ. ಆ ಐದು ವರ್ಷವೂ ಬೆಳಗಾಗುತ್ತಿತ್ತು, ಮಕ್ಕಳು ಶಾಲೆಗೆ ಹೋಗಬೇಕಿತ್ತು, ಒಲೆ ಹೊತ್ತಬೇಕಿತ್ತು. ಐದು ದಿನದ ಬಗ್ಗೆ ಚಿತ್ರಗಳು ಸಾಕಷ್ಟಿವೆ. ನಿಮ್ಮ ಹನ್ನೊಂದು ಗಂಟೆಯಲ್ಲಿರುವುದು ಆ ಐದು ವರ್ಷ. ಅದನ್ನು ಯುದ್ಧದ ಚಿತ್ರವಾಗಿಸಲು ಹೋದರೆ ಕೈಯಲ್ಲಿರುವುದನ್ನು ಬಿಟ್ಟು ಇಲ್ಲದ್ದಕ್ಕೆ ಕೈ ಚಾಚಿದಂತಾಗುತ್ತದೆ.

1907ರ ಹೇಗ್ ನಿಯಮಾವಳಿಯ 42ನೇ ವಿಧಿ ಆಕ್ರಮಿತ ಪ್ರದೇಶ ಎಂದರೇನೆಂದು ಹೇಳುತ್ತದೆ: ಶತ್ರುಸೇನೆಯ ಅಧಿಕಾರದ ಕೆಳಗೆ ವಾಸ್ತವವಾಗಿ ಬಂದ ನೆಲ. ಆ ‘ಅಧಿಕಾರ’ ಎಂಬ ಮಾತು ಒಂದು ಮನೆಯೊಳಗೆ ಯಾವ ರೂಪದಲ್ಲಿ ಕಾಲಿಡುತ್ತದೆ ಎಂಬುದೇ ನಿಮ್ಮ ಚಿತ್ರದ ವಸ್ತು. ಒಂದು ಉದಾಹರಣೆ. 1940ರ ಮೇ 16ರಂದು, ಶರಣಾದ ಮರುದಿನವೇ, ನೆದರ್‌ಲ್ಯಾಂಡ್ಸ್‌ನ ಗಡಿಯಾರಗಳನ್ನು 1 ಗಂಟೆ 40 ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು. ಅಲ್ಲಿಯವರೆಗೆ ಆಮ್‌ಸ್ಟರ್‌ಡ್ಯಾಮ್‌ಗೆ ತನ್ನದೇ ಸಮಯವಿತ್ತು, ಇನ್ನು ಮೇಲೆ ಬರ್ಲಿನ್ ಸಮಯ. ಜಪಾನೀಯರು ಸಿಂಗಾಪುರವನ್ನು ಹಿಡಿದಾಗಲೂ ಗಡಿಯಾರವನ್ನು ಟೋಕಿಯೊಗೆ ಹೊಂದಿಸಿದರು. ಫ್ರಾನ್ಸ್ ತೀರದ ಬಳಿಯ ಬ್ರಿಟಿಷ್ ದ್ವೀಪಗಳಾದ ಗರ್ನ್ಸಿ, ಜರ್ಸಿಗಳಲ್ಲಿ ಜರ್ಮನ್ನರು ಬಂದ ಮೇಲೆ ವಾಹನಗಳು ರಸ್ತೆಯ ಬಲಕ್ಕೆ ಚಲಿಸತೊಡಗಿದವು. ಒಂದು ಗುಂಡೂ ಹಾರಬೇಕಿಲ್ಲ. ಅಪ್ಪ ಕುರ್ಚಿ ಹತ್ತಿ ಗೋಡೆ ಗಡಿಯಾರದ ಮುಳ್ಳು ತಿರುಗಿಸುತ್ತಾನೆ, ಐದು ವರ್ಷದ ಮಗು ಕೆಳಗೆ ನಿಂತು ನೋಡುತ್ತದೆ. ಈ ಒಂದು ನೆನಪು ನಿಮ್ಮ ಮೂವರಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದಿರಾ?

ಕೇಳುವ ವಿಷಯಕ್ಕೆ ಬಂದೆವಲ್ಲ, ಸ್ವಲ್ಪ ಇಲ್ಲೇ ನಿಲ್ಲುತ್ತೇನೆ. ನೀವು ಕಳಿಸಿದ ಪ್ರಶ್ನೆಗಳ ಪಟ್ಟಿಯಲ್ಲಿ ‘ನಿಮಗೆ ಭಯವಾಗಿತ್ತೇ?’, ‘ಆಗ ಹೇಗನಿಸಿತು?’ ಎಂಬವು ಮತ್ತೆ ಮತ್ತೆ ಬರುತ್ತವೆ. ಎಂಬತ್ತು ವರ್ಷದಿಂದ ಈ ಪ್ರಶ್ನೆಗಳನ್ನು ಮಕ್ಕಳು, ಮೊಮ್ಮಕ್ಕಳು, ಶಾಲೆಯವರು, ಪತ್ರಿಕೆಯವರು ಕೇಳಿದ್ದಾರೆ. ಉತ್ತರ ಬಾಯಿಪಾಠವಾಗಿಬಿಟ್ಟಿದೆ. ಹೇಳುವವರಿಗೇ ಆ ಮಾತಿನಲ್ಲಿ ರುಚಿ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಚಿತ್ರಕ್ಕೆ ನಾನು ಧ್ವನಿ ನೋಡಿಕೊಳ್ಳುತ್ತಿದ್ದೆ. 1944-45ರ ಹಸಿವಿನ ಚಳಿಗಾಲವನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಳೆದ ಒಬ್ಬ ಅಜ್ಜಿ. ಮುಕ್ಕಾಲು ಗಂಟೆ ಮಾತಾಡಿದರು, ಒಂದು ಮಾತೂ ನಾಟಲಿಲ್ಲ. ಕೊನೆಗೆ ನಿರ್ದೇಶಕಿ ‘ಟ್ಯುಲಿಪ್ ಗೆಡ್ಡೆಯನ್ನು ಹೇಗೆ ಹೆಚ್ಚುತ್ತಿದ್ದಿರಿ?’ ಎಂದಷ್ಟೇ ಕೇಳಿದರು. ಅಜ್ಜಿ ಮೇಜಿನ ಮೇಲಿದ್ದ ಈರುಳ್ಳಿಯನ್ನು ಎತ್ತಿಕೊಂಡರು. ಮೇಲಿನ ಕಂದು ಸಿಪ್ಪೆ ಸುಲಿದರು, ಎರಡು ಹೋಳು ಮಾಡಿದರು, ಹೆಬ್ಬೆರಳಿನ ಉಗುರನ್ನು ನಡುವಿಗೆ ಒತ್ತಿ ಏನನ್ನೋ ಕಿತ್ತು ಪಕ್ಕಕ್ಕಿಟ್ಟರು. ‘ಒಳಗಿನ ಹಳದಿ ಮೊಳಕೆಯನ್ನು ತೆಗೆಯಲೇಬೇಕು, ಅದು ವಿಷ’ ಎಂದರು. ಈರುಳ್ಳಿಯಲ್ಲಿ ಹಳದಿ ಮೊಳಕೆ ಇರಲಿಲ್ಲ. ಬೆರಳಿಗೆ ಮಾತ್ರ ಅದು ಎಲ್ಲಿರುತ್ತದೆಂದು ಗೊತ್ತಿತ್ತು. ಅಮ್ಮ ಕೆಲಸಕ್ಕೆ ಹೋದಾಗ ತಮ್ಮನಿಗೆ ಗೆಡ್ಡೆ ಬೇಯಿಸುತ್ತಿದ್ದವಳು ತಾನೇ, ಒಂದು ದಿನ ಮೊಳಕೆ ಸರಿಯಾಗಿ ತೆಗೆದೆನೋ ಇಲ್ಲವೋ ಎಂದು ರಾತ್ರಿಯೆಲ್ಲ ತಮ್ಮನ ಉಸಿರು ಕೇಳುತ್ತ ಎಚ್ಚರವಾಗಿದ್ದೆ ಎಂದು ತಾವಾಗಿಯೇ ಹೇಳಿದರು. ಆಗ ಅವರಿಗೆ ಹತ್ತು ವರ್ಷ. ಭಯದ ಬಗ್ಗೆ ಯಾರೂ ಕೇಳಿರಲಿಲ್ಲ. ಹೆಡ್‌ಫೋನ್‌ನಲ್ಲಿ ಆ ಉಗುರಿನ ಸಣ್ಣ ಸದ್ದು ಇವತ್ತಿಗೂ ನನಗೆ ಕೇಳಿಸುತ್ತದೆ.

ಹಾಗಾಗಿ ಕೈಗೆ ಗೊತ್ತಿರುವುದನ್ನು ಕೇಳಿ. 1944ರ ಸೆಪ್ಟೆಂಬರ್ 17ರಂದು ಲಂಡನ್‌ನಲ್ಲಿದ್ದ ಡಚ್ ಸರ್ಕಾರದ ಕರೆಯ ಮೇಲೆ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಸೇಡಾಗಿ ಜರ್ಮನ್ನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆ ನಿಲ್ಲಿಸಿದರು. ಮತ್ತೆ ಬಿಡುವ ಹೊತ್ತಿಗೆ ಚಳಿ ಬಂದು ಕಾಲುವೆಗಳು ಹೆಪ್ಪುಗಟ್ಟಿದವು, ದೋಣಿ ಓಡಲಿಲ್ಲ. ಅಕ್ಟೋಬರ್‌ನಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಮನೆಗಳಿಗೆ ಗ್ಯಾಸ್, ಕರೆಂಟ್ ಹೋಗಿತ್ತು. ರೇಷನ್ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಕ್ಕಿಳಿದು ಇನ್ನೂ ಇಳಿಯಿತು. ಸುಮಾರು 20,000 ಜನ ಸತ್ತರು. ಇದು ಪುಸ್ತಕದಲ್ಲಿದೆ, ನೀವು ಓದಿಯೇ ಇರುತ್ತೀರಿ. ನಿಮ್ಮ ಅಜ್ಜ ಅಜ್ಜಿಯರ ಕೈಯಲ್ಲಿರುವುದು ಬೇರೆ: ಟ್ರಾಮ್ ಹಳಿಗಳ ನಡುವಿನ ಮರದ ತುಂಡುಗಳನ್ನು ಯಾವ ಸಲಕರಣೆಯಿಂದ ಕೀಳುತ್ತಿದ್ದರು, ಯಾರು ಕಾವಲು ನಿಲ್ಲುತ್ತಿದ್ದರು, ಡಬ್ಬಿಯಷ್ಟು ಚಿಕ್ಕ ಒಲೆಗೆ ಚಕ್ಕೆಗಳನ್ನು ಎಷ್ಟು ಉದ್ದಕ್ಕೆ ಸೀಳಬೇಕಿತ್ತು, ಗಂಜಿ ಕೇಂದ್ರದ ಖಾಲಿ ಡ್ರಮ್ಮಿನ ತಳ ಕೆರೆಯಲು ಮಕ್ಕಳಲ್ಲಿ ಸರದಿ ಹೇಗೆ ಗೊತ್ತಾಗುತ್ತಿತ್ತು, ಟೈರಿಲ್ಲದ ಸೈಕಲ್ ತಳ್ಳಿಕೊಂಡು ಹಳ್ಳಿಗೆ ಹೋದ ಅಮ್ಮ ಯಾವ ಹಾಸುವಸ್ತ್ರ ಕೊಟ್ಟು ಎಷ್ಟು ಆಲೂಗಡ್ಡೆ ತಂದಳು, ಯಾವ ರೈತ ಬಾಗಿಲು ಹಾಕಿದ, ಯಾವ ರೈತ ಒಳಗೆ ಕರೆದ. ‘ಯಾವ’, ‘ಎಷ್ಟು’, ‘ಯಾವ ಕೈಯಲ್ಲಿ’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಮುಗಿಯಿತೆಂದು ನಿಮಗನಿಸಿದ ಮೇಲೂ ಹತ್ತು ಸೆಕೆಂಡ್ ಕ್ಯಾಮೆರಾ ಓಡಲಿ. ಒಳ್ಳೆಯದೆಲ್ಲ ಆ ಹತ್ತು ಸೆಕೆಂಡ್‌ನಲ್ಲೇ ಬರುತ್ತದೆ.

ಈಗ ಆಕಾಶದಿಂದ ಬಿದ್ದ ಬ್ರೆಡ್. ನೀವು ಓದಿದ್ದು ಸರಿ. 1945ರ ಜನವರಿ ಕೊನೆಗೆ ಸ್ವೀಡನ್ ಕಳಿಸಿದ ಹಿಟ್ಟು ಹಡಗಿನಲ್ಲಿ ಡೆಲ್ಫ್‌ಜೈಲ್ ಬಂದರಿಗೆ ಬಂತು. ಪಶ್ಚಿಮದ ನಗರಗಳ ಬೇಕರಿಗಳಲ್ಲಿ ಅದರಿಂದ ಬೇಯಿಸಿದ ಬ್ರೆಡ್ಡನ್ನು ಫೆಬ್ರವರಿ ಕೊನೆಯ ಹೊತ್ತಿಗೆ ಮಾರ್ಗರೀನ್ ಜೊತೆ ಹಂಚಿದರು. ಎರಡು ತಿಂಗಳ ಮೇಲೆ, ಏಪ್ರಿಲ್ 29ರಿಂದ, ಬ್ರಿಟಿಷ್ ಬಾಂಬರ್ ವಿಮಾನಗಳು ತೀರಾ ಕೆಳಗೆ ಹಾರುತ್ತ ಆಹಾರದ ಮೂಟೆಗಳನ್ನು ಚೆಲ್ಲಿದವು. ಅದರಲ್ಲಿ ಮೊಟ್ಟೆಪುಡಿ, ಡಬ್ಬಿ ಮಾಂಸ, ಚಾಕೊಲೇಟ್ ಇತ್ಯಾದಿ ಇದ್ದವು. ಎರಡೂ ನಿಜ. ಅವು ಸಾವಿರಾರು ಜನರ ನೆನಪಿನಲ್ಲಿ ಒಂದಕ್ಕೊಂದು ಬೆಸೆದುಕೊಂಡಿವೆ, ನಿಮ್ಮ ಅಜ್ಜಿಯದು ಮಾತ್ರವಲ್ಲ.

ದಯವಿಟ್ಟು ಅವರನ್ನು ಕ್ಯಾಮೆರಾ ಮುಂದೆ ತಿದ್ದಲು ಹೋಗಬೇಡಿ. ಅದನ್ನು ಕತ್ತರಿಸಿಯೂ ಹಾಕಬೇಡಿ. ಹಾಗೆಂದು ನಡೆದ ಸಂಗತಿಯೆಂಬಂತೆ ಬಿಟ್ಟುಬಿಡುವುದೂ ತಪ್ಪು, ನೋಡುವವರಿಗೆ ಮೋಸ. ನಾನಾದರೆ ಅಜ್ಜಿಯ ಮಾತನ್ನು ಪೂರ್ತಿ ಇಟ್ಟು, ಅದರ ಬೆನ್ನಿಗೆ ಹಡಗಿನ ದಿನಾಂಕ, ವಿಮಾನದ ದಿನಾಂಕ ಎರಡನ್ನೂ ಪರದೆಯ ಮೇಲೆ ಬರೆಯುತ್ತೇನೆ. ಯಾರ ವ್ಯಾಖ್ಯಾನವೂ ಬೇಡ. ಹಸಿದ ಮಗುವಿಗೆ ಬಿಳಿ ಬ್ರೆಡ್ ಎಲ್ಲಿಂದ ಬರಲು ಸಾಧ್ಯವಿತ್ತು ಎಂದು ಪ್ರೇಕ್ಷಕರು ತಾವೇ ಯೋಚಿಸುತ್ತಾರೆ. ಬ್ರೆಡ್ಡಿನ ರುಚಿ, ಅದನ್ನು ಕೇಕ್‌ನಂತೆ ಕಚ್ಚಿ ತಿಂದದ್ದು, ಹೊಟ್ಟೆ ತಾಳದೆ ವಾಂತಿ ಮಾಡಿದ್ದು, ಇಂಥವನ್ನೆಲ್ಲ ನೆನಪು ಗಟ್ಟಿಯಾಗಿ ಹಿಡಿದಿಟ್ಟಿರುತ್ತದೆ. ದಿನಾಂಕವನ್ನು ನೆನಪಿನ ಮೇಲೆ ಹೊರಿಸಬಾರದು, ಅದಕ್ಕೆ ಕಾಗದವಿದೆ.

ಕಾಗದ ಬೇಕೆಂದರೆ ನಿಮ್ಮ ಅದೃಷ್ಟ ದೊಡ್ಡದು. 1944ರ ಮಾರ್ಚ್ 28ರಂದು ಲಂಡನ್‌ನಲ್ಲಿದ್ದ ಡಚ್ ಸರ್ಕಾರದ ಬಾನುಲಿ ರೇಡಿಯೊ ಒರಾನ್ಯದಲ್ಲಿ ಆ ಸರ್ಕಾರದ ಸಚಿವ ಬೊಲ್ಕೆಸ್ಟೈನ್ ಮಾತಾಡಿ, ಜನಸಾಮಾನ್ಯರ ಡೈರಿ, ಪತ್ರಗಳನ್ನು ಜೋಪಾನವಾಗಿಡಿ, ಸರ್ಕಾರಿ ದಾಖಲೆಗಳಿಂದಷ್ಟೇ ಇತಿಹಾಸ ಬರೆಯಲಾಗದು ಎಂಬರ್ಥದಲ್ಲಿ ಕೇಳಿಕೊಂಡರು. ಆಮ್‌ಸ್ಟರ್‌ಡ್ಯಾಮ್‌ನ ಅಡಗುತಾಣದಲ್ಲಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಅದನ್ನು ಕೇಳಿಯೇ ತನ್ನ ಡೈರಿಯನ್ನು ಮತ್ತೆ ತಿದ್ದಿ ಬರೆಯಲು ಕೂತಳು. ಬಿಡುಗಡೆಯಾಗಿ ಮೂರೇ ದಿನಕ್ಕೆ, ಮೇ 8ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯುದ್ಧ ದಾಖಲೆಗಳ ಸಂಸ್ಥೆ ಶುರುವಾಯಿತು. ಈಗ ಅದರ ಹೆಸರು ನಿಯೊಡ್. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡೈರಿಗಳಿವೆ, ಹೆಚ್ಚಿನವು ಹೆಸರೇ ಇಲ್ಲದ ಗೃಹಿಣಿಯರು, ಅಂಗಡಿಯವರು, ಶಾಲಾ ಮಕ್ಕಳದ್ದು. ನಿಮ್ಮ ಮೂವರ ಬೀದಿಗಳಲ್ಲಿ ಯಾರಾದರೂ ಬರೆದಿಟ್ಟಿದ್ದಾರೆಯೇ ಹುಡುಕಿ. ಅದೇ ಬೀದಿಯ, ಅದೇ ವಾರದ ಒಂದು ಸಾಲು ಸಿಕ್ಕರೂ ಅದು ನಿಮ್ಮ ಚಿತ್ರಕ್ಕೆ ಬೆನ್ನೆಲುಬು.

ಹಳೆಯ ಫುಟೇಜ್ ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿಯೇ ಇರುತ್ತದೆ. ಆಕ್ರಮಿತ ನಾಡಿನಲ್ಲಿ ಕ್ಯಾಮೆರಾ ಮತ್ತು ಫಿಲ್ಮ್ ರೋಲ್ ಯಾರ ಬಳಿ ಇರುತ್ತಿತ್ತು? ಆಳುವವರ ಬಳಿ, ಅಥವಾ ಅವರ ಅನುಮತಿ ಪಡೆದವರ ಬಳಿ. ಆ ಕಾಲದ ಡಚ್ ಸುದ್ದಿಚಿತ್ರಗಳೂ ಜರ್ಮನ್ನರ ನಿಯಂತ್ರಣದಲ್ಲೇ ತಯಾರಾದವು. ಅವನ್ನೇ ತಂದು ನಿಮ್ಮ ಅಜ್ಜಿಯ ಮಾತಿನ ಕೆಳಗೆ ಹಾಸಿದರೆ, ಆಕೆಯ ಬಾಲ್ಯವನ್ನು ಆಳಿದವನ ಕಣ್ಣಲ್ಲಿ ತೋರಿಸಿದ ಹಾಗೆ.

ಪೋಲೆಂಡಿನ ವಾರ್ಸಾದ ಒಂದು ಸಂಗತಿ ಹೇಳುತ್ತೇನೆ. 1942ರ ಮೇ ತಿಂಗಳಲ್ಲಿ ಜರ್ಮನ್ ಪ್ರಚಾರ ತಂಡವೊಂದು ಅಲ್ಲಿನ ಗೆಟ್ಟೊದೊಳಗೆ, ಅಂದರೆ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದ ಕೇರಿಯೊಳಗೆ, ಚಿತ್ರೀಕರಣ ಮಾಡಿತು. ಚಿತ್ರ ಮುಗಿಯಲೇ ಇಲ್ಲ, ರೀಲುಗಳು ಯುದ್ಧದ ನಂತರ ಸಿಕ್ಕವು. ಗೆಟ್ಟೊದ ಬದುಕೆಂದರೆ ಹೀಗೇ ಇತ್ತು ಎಂಬಂತೆ ಅದರ ತುಣುಕುಗಳನ್ನು ದಶಕಗಳ ಕಾಲ ಎಷ್ಟೋ ಚಿತ್ರಗಳು ಬಳಸಿಕೊಂಡವು. ಗೆಟ್ಟೊದ ಯಹೂದಿ ಮಂಡಳಿಯ ಅಧ್ಯಕ್ಷ ಆಡಂ ಚೆರ್ನ್ಯಾಕೊವ್ ಆಗ ದಿನವೂ ಡೈರಿ ಬರೆಯುತ್ತಿದ್ದರು. ತಮ್ಮ ಕಚೇರಿಗೆ ಬಂದ ತಂಡ ಗೋಡೆಯ ಮೇಲಿನ ಚಿತ್ರಗಳನ್ನು ಇಳಿಸಿತು, ಮೇಜಿನ ಮೇಲೆ ಯಹೂದಿ ಹಬ್ಬದ ಒಂಬತ್ತು ದೀಪದ ಕಂಬವನ್ನು ತಂದಿಟ್ಟು ಎಲ್ಲ ಬತ್ತಿಗಳನ್ನೂ ಹಚ್ಚಿತು, ಅಹವಾಲು ಹೇಳಲು ಬಂದವರಂತೆ ಜನರನ್ನು ಒಳಗೆ ಬರಮಾಡಿತು ಎಂದು ಅವರು ಬರೆದಿದ್ದಾರೆ. ಎರಡು ತಿಂಗಳ ಮೇಲೆ, ಜನರನ್ನು ಸಾವಿನ ಶಿಬಿರಕ್ಕೆ ಸಾಗಿಸಲು ಶುರುವಾದ ಮರುದಿನ, ಅವರು ವಿಷ ತೆಗೆದುಕೊಂಡು ಸತ್ತರು. 1998ರಲ್ಲಿ ಇನ್ನೊಂದು ರೀಲು ಸಿಕ್ಕಿತು. ಅದರಲ್ಲಿ ಒಂದೇ ದೃಶ್ಯವನ್ನು ಹಲವು ಸಲ ಮಾಡಿಸಿದ್ದು, ಚಿತ್ರತಂಡದವರು ಚೌಕಟ್ಟಿನೊಳಗೆ ಬಂದದ್ದು ಎಲ್ಲ ಕಾಣುತ್ತದೆ. ಅದೇ ಗೆಟ್ಟೊದಲ್ಲಿ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಗೆಳೆಯರು ಡೈರಿ, ಬರಹಗಳ ಜೊತೆಗೆ ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ರೇಷನ್ ಚೀಟಿಗಳನ್ನೂ ಗುಟ್ಟಾಗಿ ಕೂಡಿಟ್ಟು, ತಗಡಿನ ಪೆಟ್ಟಿಗೆ ಮತ್ತು ಹಾಲಿನ ಕ್ಯಾನ್‌ಗಳಲ್ಲಿ ತುಂಬಿ ನೆಲದಡಿ ಹೂತರು. 1946ರಲ್ಲಿ ಒಂದು ಭಾಗ, 1950ರಲ್ಲಿ ಇನ್ನೊಂದು ಭಾಗ ಸಿಕ್ಕಿತು. ದೀಪದ ಕಂಬವೋ, ಮಿಠಾಯಿ ಕಾಗದವೋ? ನಾನು ಕಾಗದಕ್ಕೇ ಕ್ಯಾಮೆರಾ ಹಿಡಿಯುತ್ತೇನೆ.

ಆದರೂ ಫುಟೇಜ್ ಮುಟ್ಟಲೇಬಾರದು ಎನ್ನುತ್ತಿಲ್ಲ. ನಿಮ್ಮಲ್ಲೇ ಇದೆ ನೋಡಿ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಮೊದಲು ಕೂಡಿಹಾಕುತ್ತಿದ್ದ ವೆಸ್ಟರ್‌ಬೋರ್ಕ್ ಶಿಬಿರದ ಚಿತ್ರ. 1944ರ ವಸಂತದಲ್ಲಿ ಶಿಬಿರದ ಕಮಾಂಡೆಂಟ್ ಗೆಮೆಕರ್‌ನ ಆಜ್ಞೆಯಂತೆ ರುಡಾಲ್ಫ್ ಬ್ರೆಸ್ಲವರ್ ಎಂಬ ಯಹೂದಿ ಬಂದಿ ಚಿತ್ರೀಕರಿಸಿದ್ದು. ಕಾರ್ಯಾಗಾರ, ಹೊಲ, ಮನರಂಜನೆ ಕಾರ್ಯಕ್ರಮ, ಇವುಗಳ ನಡುವೆ ಹೊರಡುತ್ತಿರುವ ಒಂದು ರೈಲು. ಅದರ ಬೋಗಿಯ ಬಾಗಿಲ ಸಂದಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹುಡುಗಿ ಕೆಲವೇ ಸೆಕೆಂಡ್ ಹೊರಗೆ ನೋಡುತ್ತಾಳೆ. ಆ ಮುಖ ಯಹೂದಿ ನರಮೇಧದ ಗುರುತಾಗಿ ಜಗತ್ತಿಗೆಲ್ಲ ಹಬ್ಬಿತು, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದೇ ಫುಟೇಜ್‌ನಲ್ಲಿ ಒಬ್ಬ ಹೆಂಗಸಿನ ಸೂಟ್‌ಕೇಸ್ ಮೇಲೆ ಬರೆದಿದ್ದ ಹೆಸರು, ಹುಟ್ಟಿದ ದಿನ ಓದಿ, ಸಾಗಣೆಯ ಪಟ್ಟಿಗಳೊಂದಿಗೆ ಹೋಲಿಸಿ, ರೈಲು ಹೊರಟದ್ದು 1944ರ ಮೇ 19ರಂದು ಎಂದು ಖಚಿತಪಡಿಸಿಕೊಂಡರು. 1994ರಲ್ಲಿ ಡಚ್ ಪತ್ರಕರ್ತ ಆಡ್ ವಾಖನಾರ್ ಆ ಹುಡುಗಿ ಯಹೂದಿಯಲ್ಲ, ಸಿಂಟಿ ಎಂಬ ರೋಮಾ (ಜಿಪ್ಸಿ) ಸಮುದಾಯದ ಸೆಟೆಲಾ ಸ್ಟೈನ್‌ಬಾಕ್ ಎಂದು ಪತ್ತೆ ಮಾಡಿದರು. ಅವಳಿಗೆ ಆಗ ಒಂಬತ್ತು ವರ್ಷ. ಆಶ್‌ವಿಟ್ಜ್ ಸಾವಿನ ಶಿಬಿರದಲ್ಲಿ ಅವಳನ್ನು ಕೊಂದರು. ಚಿತ್ರ ತೆಗೆದ ಬ್ರೆಸ್ಲವರ್ ಕೂಡ ಬದುಕಿ ಬರಲಿಲ್ಲ.

ಫುಟೇಜ್ ನೋಡುವುದೆಂದರೆ ಹೀಗೆ, ಸೂಟ್‌ಕೇಸ್ ಮೇಲಿನ ಅಕ್ಷರ ಓದುವಷ್ಟು ನಿಧಾನವಾಗಿ. ನೀವು ಒಂದು ತುಣುಕನ್ನು ಬಳಸುವುದಾದರೆ ಯಾರು ತೆಗೆದದ್ದು, ಯಾರ ಆಜ್ಞೆಯಿಂದ, ಯಾವ ದಿನ ಎಂಬುದನ್ನು ಪ್ರೇಕ್ಷಕರಿಗೆ ಹೇಳಿ. ಹೇಳಲು ನಿಮಗೇ ಗೊತ್ತಿಲ್ಲದಿದ್ದರೆ ಬಳಸಬೇಡಿ. ನನ್ನ ಚಿತ್ರಗಳಲ್ಲಿ ನಾನು ಮುರಿಯದ ನಿಯಮ ಇದೊಂದೇ.

ಇನ್ನೊಂದು ದಾರಿಯೂ ನಿಮಗಿದೆ. ಹಸಿವಿನ ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೆಲವು ಫೋಟೊಗ್ರಾಫರ್‌ಗಳು ಜೀವ ಪಣಕ್ಕಿಟ್ಟು ಬೀದಿಯ ಚಿತ್ರ ತೆಗೆದರು, ಎಮ್ಮಿ ಆಂಡ್ರಿಸೆ, ಕಾಸ್ ಓರ್ಟ್‌ಹೌಸ್ ಮೊದಲಾದವರು. ಕ್ಯಾಮೆರಾವನ್ನು ಕೋಟಿನೊಳಗೆ, ಚೀಲದೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ‘ಭೂಗತ ಕ್ಯಾಮೆರಾ’ ಎಂದು ಆಮೇಲೆ ಅವರಿಗೆ ಹೆಸರು ಬಂತು. ಆ ಫೋಟೊಗಳಲ್ಲಿ ಹಲವು ಹೊಟ್ಟೆಯ ಎತ್ತರದಿಂದ ತೆಗೆದವು, ಕೆಲವು ಓರೆಯಾಗಿವೆ. ಬಟ್ಟಲು ಹಿಡಿದ ಮಗುವಿನ ಕಣ್ಣಿನ ಮಟ್ಟಕ್ಕೆ ಆ ಎತ್ತರ ಸರಿಯಾಗಿ ಹೊಂದುತ್ತದೆ. ಓರೆಯನ್ನು ನೇರ ಮಾಡಬೇಡಿ, ಅಂಚು ಕತ್ತರಿಸಬೇಡಿ, ಆ ಓರೆಯಲ್ಲೇ ತೆಗೆದವರ ಎದೆಬಡಿತ ಇದೆ. ಇಲ್ಲಿ ಕ್ಯಾಮೆರಾ ಕ್ಯೂನಲ್ಲಿ ನಿಂತವರ ಪಕ್ಕದಲ್ಲೇ ಇತ್ತು.

ನಟರನ್ನಿಟ್ಟು ದೃಶ್ಯ ಮಾಡುವುದು ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾರಣವಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಒಬ್ಬ ಮಹಿಳೆ ಪಕ್ಕದ ಮನೆಯವರನ್ನು ಹಿಡಿದೊಯ್ದ ರಾತ್ರಿಯನ್ನು ಹೇಳುತ್ತಿದ್ದಾಗ, ಅದರ ಮೇಲೆ ನಾನು ಮೆಟ್ಟಿಲು ಹತ್ತುವ ಬೂಟುಗಳ ಶಾಟ್ ಹಾಕಿ, ಬೂಟಿನ ಸದ್ದು ಸೇರಿಸಿದ್ದೆ. ಚಿತ್ರ ತೋರಿಸಿದಾಗ ಅವರು ಮೆಲ್ಲಗೆ, ‘ಬೂಟು ಇರಲಿಲ್ಲ. ನಮ್ಮ ಊರಿನ ಪೊಲೀಸರೇ ಇಬ್ಬರು ಬಂದರು. ಕರೆಗಂಟೆ ಒತ್ತಿದರು. ಬಾಗಿಲು ತೆರೆದಾಗ ಟೋಪಿ ಮುಟ್ಟಿ ಶುಭಸಂಜೆ ಎಂದರು’ ಎಂದರು. ಕೂತಲ್ಲೇ ನನ್ನ ಕೈಕಾಲು ತಣ್ಣಗಾದವು. ಇಡೀ ಘಟನೆಯ ಭೀಕರತೆ ಆ ಕರೆಗಂಟೆಯಲ್ಲಿತ್ತು, ನಾನು ಅದನ್ನು ಸಿನಿಮಾ ಬೂಟುಗಳಿಂದ ಮುಚ್ಚಿಬಿಟ್ಟಿದ್ದೆ. ಮರುಸೃಷ್ಟಿಗೆ ನಾವು ಬಳಸುವುದು ಬೇರೆ ಸಿನಿಮಾಗಳಲ್ಲಿ ಕಂಡದ್ದನ್ನೇ. ಅದು ಹೇಳುವವರ ನೆನಪಿನ ಮೇಲೆ ಕೂತು ಅದನ್ನೇ ಅಳಿಸಿಬಿಡುತ್ತದೆ. ಬದಲಿಗೆ ಆ ಬಾಗಿಲು ಈಗಲೂ ಇದ್ದರೆ ಹೋಗಿ ಅದನ್ನು ತೆಗೆಯಿರಿ, ಸಂಜೆಯ ಅದೇ ಹೊತ್ತಿಗೆ, ಇವತ್ತಿನ ಸದ್ದುಗಳೊಂದಿಗೆ. ಯಾರೋ ತರಕಾರಿ ಚೀಲ ಹಿಡಿದು ಒಳಗೆ ಹೋಗಲಿ. ಸಾಕು.

ಕಷ್ಟದ ಪ್ರಶ್ನೆಯನ್ನು ಕೊನೆಗಿಟ್ಟುಕೊಂಡೆ. ಆ ಅಜ್ಜನ ತಂದೆ.

ಮೊದಲು ಆ ಪಟ್ಟಿಗಳೆಂದರೆ ಏನೆಂದು ನಿಮಗೆ ಸ್ಪಷ್ಟವಾಗಿರಲಿ. 1940ರ ಅಕ್ಟೋಬರ್‌ನಲ್ಲಿ ಸರ್ಕಾರಿ ನೌಕರರಿಂದ ತಾವು ಯಹೂದಿಯೋ ಅಲ್ಲವೋ ಎಂಬ ಘೋಷಣೆ ಬರೆಸಿಕೊಂಡರು. ಬಹುತೇಕ ಎಲ್ಲರೂ ಸಹಿ ಹಾಕಿದರು. 1941ರ ಜನವರಿಯಲ್ಲಿ ಯಹೂದಿಗಳ ನೋಂದಣಿಗೆ ಆದೇಶವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಒಂದು ನಕ್ಷೆ ಮಾಡಿತು. ಅದರಲ್ಲಿ ಪ್ರತಿ ಕಪ್ಪು ಚುಕ್ಕೆ ಹತ್ತು ಯಹೂದಿಗಳಿಗೆ ಸಮ. ಆ ಚುಕ್ಕೆಗಳನ್ನು ಇಟ್ಟವರು ಜರ್ಮನ್ ಸೈನಿಕರಲ್ಲ, ನಗರದ್ದೇ ನೌಕರರು, ಕಚೇರಿಯ ಮೇಜಿನಲ್ಲಿ ಕೂತು, ಪ್ರಾಯಶಃ ಬಹಳ ಅಚ್ಚುಕಟ್ಟಾಗಿ. ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಸುಮಾರು 1,02,000 ಜನರನ್ನು ಕೊಂದರು. 1943ರ ಮಾರ್ಚ್ 27ರಂದು ಪ್ರತಿರೋಧದ ಗುಂಪೊಂದು ಪೊಲೀಸ್ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಗೇ ನುಗ್ಗಿ ಬೆಂಕಿಯಿಟ್ಟಿತು. ಸಿಕ್ಕಿಬಿದ್ದ ಹನ್ನೆರಡು ಜನರನ್ನು ಗುಂಡಿಟ್ಟು ಕೊಂದರು. ನೋಂದಣಿ ಕಾರ್ಡ್‌ಗಳ ಒಂದು ಡಬ್ಬಿಗೆ ಆಗ ಎಷ್ಟು ಜೀವದ ತೂಕವಿತ್ತೆಂದು ಆ ಹನ್ನೆರಡು ಜನರಿಗೆ ಗೊತ್ತಿತ್ತು. ಗುಮಾಸ್ತರಿಗೆ ಎಷ್ಟು ಗೊತ್ತಿತ್ತು? ಇದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ನೀವಾಗಲಿ ನಾನಾಗಲಿ ಮೊದಲೇ ಬರೆದಿಟ್ಟುಕೊಳ್ಳಬಾರದು.

ಆ ಅಜ್ಜ ಫೋನ್ ಮಾಡಿದ್ದಕ್ಕೆ ಇನ್ನೂ ಒಂದು ಕಾರಣ ಇರಬಹುದು. ಯುದ್ಧದ ನಂತರ ಜರ್ಮನ್ನರೊಂದಿಗೆ ಕೈಜೋಡಿಸಿದ ಶಂಕೆಯ ಮೇಲೆ ತನಿಖೆಗೊಳಗಾದ ಸುಮಾರು 4,25,000 ಜನರ ಹೆಸರಿನ ಪಟ್ಟಿ 2025ರ ಜನವರಿಯಲ್ಲಿ ಆನ್‌ಲೈನ್ ಬಂತು. ಅವರಲ್ಲಿ ಬಹುಪಾಲು ಜನರಿಗೆ ಶಿಕ್ಷೆಯೇ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ತೊಂಬತ್ತರ ವಯಸ್ಸಿನವರು ಅಪ್ಪನ ಹೆಸರನ್ನು ಹುಡುಕಲೋ ಬೇಡವೋ ಎಂದು ಕೂತಿದ್ದಾರೆ. ನೀವು ಅವರ ಮನೆಗೆ ಹೋದದ್ದು ಇಂಥ ಹೊತ್ತಿನಲ್ಲಿ.

ಈಗ ಮಾಡಬೇಕಾದದ್ದು. ಅವರು ಬೇಡ ಎಂದಿದ್ದಾರೆ, ಹಾಗಾಗಿ ಸದ್ಯಕ್ಕೆ ಅದು ಇಲ್ಲ. ಸಹಿ ಮಾಡಿದ ಒಪ್ಪಿಗೆ ಪತ್ರ ನಿಮ್ಮ ಬಳಿ ಇರಬಹುದು, ಕಾನೂನು ನಿಮ್ಮ ಪರವಾಗಿಯೇ ಇರಬಹುದು, ಆ ಕಾಗದವನ್ನು ತೊಂಬತ್ತರ ಹಿರಿಯರ ಮುಂದೆ ಹಿಡಿಯಬೇಡಿ. ಆ ಭಾಗವನ್ನು ಬೇರೆ ಡ್ರೈವ್‌ಗೆ ಹಾಕಿ ಬೀಗ ಹಾಕಿಡಿ, ಕಾಲೇಜಿನ ಸರ್ವರ್ ಮೇಲೆ ಬಿಡಬೇಡಿ. ಒಂದೆರಡು ವಾರ ಬಿಟ್ಟು ಕ್ಯಾಮೆರಾ ಇಲ್ಲದೆ ಹೋಗಿ. ‘ಯಾಕೆ ಬೇಡ?’ ಎಂದು ಕೇಳಬೇಡಿ, ಅದು ವಿಚಾರಣೆಯಂತೆ ಕೇಳಿಸುತ್ತದೆ. ‘ಹಾಕಿದರೆ ಯಾರಿಗೆ ನೋವಾಗುತ್ತದೆ?’ ಎಂದು ಕೇಳಿ. ಉತ್ತರ ಮೊಮ್ಮಗಳು ಎಂದಿರಬಹುದು, ಸತ್ತುಹೋದ ಅಮ್ಮ ಎಂದಿರಬಹುದು. ಹೆಸರು, ಬೀದಿ ಬಿಟ್ಟರೆ ಒಪ್ಪಬಹುದು. ಮುಖ ತೋರಿಸದೆ ದನಿ ಮಾತ್ರ ಇಡಬಹುದು. ಇಲ್ಲ, ಬೇಡವೇ ಬೇಡ ಎನ್ನಬಹುದು. ಆಗ ನೀವು ಅದನ್ನು ಬಿಡಬೇಕು. ಆದರೆ ಒಂದು ಎಚ್ಚರ: ಆ ಭಾಗ ಬಿಟ್ಟ ಮೇಲೆ ಅದೇ ತಂದೆಯನ್ನು ಬರೀ ಆಲೂಗಡ್ಡೆ ತಂದ ಒಳ್ಳೆಯ ಅಪ್ಪನಾಗಿ ತೋರಿಸುವ ದೃಶ್ಯಗಳನ್ನೂ ಬಿಡಬೇಕಾಗುತ್ತದೆ. ಅರ್ಧ ಸತ್ಯ ಇಟ್ಟುಕೊಂಡರೆ, ಆ ಚುಕ್ಕೆಗಳಲ್ಲಿ ಒಂದಾಗಿದ್ದವರ ಮಕ್ಕಳು ಚಿತ್ರ ನೋಡಲು ಬಂದಾಗ ಅವರಿಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಇದನ್ನೂ ಅಜ್ಜನಿಗೆ ಹೇಳಿ. ಅವರು ಮಗುವಲ್ಲ, ಅರ್ಥಮಾಡಿಕೊಳ್ಳುತ್ತಾರೆ.

ಅಪ್ಪಿತಪ್ಪಿ ಒಪ್ಪಿದರೆ ಹೇಗೆ ಕೇಳಬೇಕು? ಫ್ರಾನ್ಸ್‌ನ ಕ್ಲೆರ್ಮಾಂ-ಫೆರಾಂ ಊರಿನ ಆ ವರ್ಷಗಳ ಬಗ್ಗೆ ಮಾರ್ಸೆಲ್ ಓಫುಲ್ಸ್ 1969ರಲ್ಲಿ ನಾಲ್ಕು ಗಂಟೆಗೂ ಮೀರಿದ ಸಾಕ್ಷ್ಯಚಿತ್ರ ಮಾಡಿದರು. ಫ್ರೆಂಚರೆಲ್ಲ ಪ್ರತಿರೋಧಿಗಳೇ ಎಂಬ ನಂಬಿಕೆಗೆ ಅದು ಎಷ್ಟು ಪೆಟ್ಟು ಕೊಟ್ಟಿತೆಂದರೆ ಫ್ರಾನ್ಸ್‌ನ ಟಿವಿಯಲ್ಲಿ ಪ್ರಸಾರವಾಗಲು 1981ರವರೆಗೆ ಕಾಯಬೇಕಾಯಿತು. ಅದರಲ್ಲಿ ಒಬ್ಬ ಅಂಗಡಿಯವರನ್ನು ಮಾತಾಡಿಸುತ್ತಾರೆ. ಆ ಕಾಲದಲ್ಲಿ ಅವರು ತಾವು ಯಹೂದಿಯಲ್ಲ ಎಂದು ಸ್ಥಳೀಯ ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದರು. ಓಫುಲ್ಸ್ ಸಿಟ್ಟಾಗುವುದಿಲ್ಲ, ಬೋಧಿಸುವುದಿಲ್ಲ, ಆ ಜಾಹೀರಾತಿನ ಬಗ್ಗೆ ಕೇಳುತ್ತ ಹೋಗುತ್ತಾರೆ. ಅಂಗಡಿಯವರು ತಮ್ಮ ಕಾರಣ ಹೇಳುತ್ತಾರೆ. ನಾವು ಕೂತಲ್ಲೇ ಮುದುಡುತ್ತೇವೆ, ಆ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬ ಯೋಚನೆ ಬಿಡುವುದಿಲ್ಲ. ಗೆಡ್ಡೆಯನ್ನು ಹೇಗೆ ಹೆಚ್ಚಿದಿರಿ ಎಂದು ಕೇಳುವ ಬಗೆಯೂ ಇದೇ. ನಿಮ್ಮ ಅಜ್ಜನನ್ನು ಅಪ್ಪನ ತಪ್ಪೊಪ್ಪಿಗೆಗೆ ಒತ್ತಾಯಿಸಬೇಡಿ. ಅಪ್ಪನ ಪೆನ್ನು ಯಾವುದಿತ್ತು, ಕಚೇರಿಯಿಂದ ಎಷ್ಟು ಹೊತ್ತಿಗೆ ಬರುತ್ತಿದ್ದರು, ಊಟದ ಮೇಜಿನಲ್ಲಿ ಕೆಲಸದ ಮಾತು ಬರುತ್ತಿತ್ತೇ, ಮಾತು ನಿಂತದ್ದು ಯಾವಾಗ ಎಂದು ಕೇಳಿ.

ಎಡಿಟಿಂಗ್ ಬಗ್ಗೆ ಒಂದೇ ಮಾತು. ನಮಗೆ 1945 ಗೊತ್ತಿದೆ, 1942ರಲ್ಲಿ ಕ್ಯೂನಲ್ಲಿ ನಿಂತವರಿಗೆ ಗೊತ್ತಿರಲಿಲ್ಲ. ಇದು ಎಷ್ಟು ದಿನ, ಈ ವರ್ಷವೋ, ಜೀವನಪೂರ್ತಿಯೋ ತಿಳಿಯದೆ ಅವರು ಪ್ರತಿ ಸಣ್ಣ ತೀರ್ಮಾನ ತೆಗೆದುಕೊಂಡರು. ಹಾಗಾಗಿ ಚಿತ್ರದ ಮುಕ್ಕಾಲು ಭಾಗದವರೆಗೆ ಯಾರ ಬಾಯಿಂದಲೂ ‘ಬಿಡುಗಡೆ’ ಎಂಬ ಮಾತು ಬರದಂತೆ ಕತ್ತರಿಸಿ ನೋಡಿ. ಇಸವಿಗಳ ಬದಲು ತಿಂಗಳು, ಹವೆ, ಬ್ರೆಡ್ಡಿನ ತೂಕ ಇವುಗಳನ್ನೇ ಅಧ್ಯಾಯ ಮಾಡಿಕೊಳ್ಳಿ. ಸಂಗೀತ ಬೇಡ, ಆ ಮನೆಗಳ ನಿಶ್ಶಬ್ದವನ್ನು ಪ್ರತಿ ಕೋಣೆಯಲ್ಲೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿಕೊಂಡು ಅದನ್ನೇ ಬಳಸಿ. ಫ್ರಿಜ್ ಆಫ್ ಮಾಡಲು ಮರೆಯಬೇಡಿ, ಗಡಿಯಾರ ನಿಲ್ಲಿಸಬೇಡಿ.

ಪಿಕ್ಚರ್ ಲಾಕ್ ಮಾಡುವ, ಅಂದರೆ ಎಡಿಟಿಂಗ್ ಅಂತಿಮಗೊಳಿಸುವ ಮೊದಲು ಮೂವರಿಗೂ ಬೇರೆ ಬೇರೆಯಾಗಿ ತೋರಿಸಿ, ಅವರವರ ಮನೆಯಲ್ಲೇ, ಹಗಲಿನಲ್ಲಿ, ಮನೆಯವರು ಯಾರಾದರೂ ಜೊತೆಗಿರುವ ದಿನ. ಬ್ರೆಡ್ಡಿನ ಅಜ್ಜಿಗೆ ಆ ಎರಡು ದಿನಾಂಕಗಳ ವಿಷಯ ಮೊದಲೇ ತಿಳಿಸಿ, ಪರದೆಯ ಮೇಲೆ ನೋಡಿ ಅವಮಾನವಾದಂತೆ ಆಗಬಾರದು. ಪಟ್ಟಿಯ ಅಜ್ಜನಿಗೆ ತೋರಿಸುವಾಗ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ರಿಮೋಟ್ ಅವರ ಕೈಯಲ್ಲಿರಲಿ.